ಕೊನೆಯ ಕಂತಿಗೆ ಒಂದು ಮಳೆಗಾಲ ಕಾಯಿರಿ

ಜೂನ್ ಹತ್ತು ಕಳೆಯಿತೆಂದರೆ ನನ್ನಂಥ ಅರೆಕಾಲಿಕ ವರದಿಗಾರನ ಫೋನಿಗೆ ಎರಡು ನಮೂನೆಯ ಕರೆ ಬರುತ್ತದೆ. ಒಂದು, ಮರ ಬಿದ್ದು ಲೈನ್ ತುಂಡಾಗಿದೆ, ಎರಡು ದಿನದಿಂದ ಕರೆಂಟಿಲ್ಲ ಎಂಬುದು. ಅದು ಸುದ್ದಿ, ಬರೆದು ಕಳುಹಿಸಿದರೆ ಮರುದಿನ ಬರುತ್ತದೆ. ಇನ್ನೊಂದು, "ಹೊಸ ಕೋಣೆಯ ಗೋಡೆಯಲ್ಲಿ ನೀರು ಒಸರ್ತಾ ಉಂಟು, ಕಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ, ಸ್ವಲ್ಪ ಪೇಪರಿಗೆ ಹಾಕಿ ಮಾರಾಯ್ರೇ" ಎಂಬುದು. ಇದು ಸುದ್ದಿಯಾಗುವುದಿಲ್ಲ. ಒಬ್ಬರ ಮನೆಯ ಗೋಡೆ, ಇನ್ನೊಬ್ಬರ ಹೊಟ್ಟೆಪಾಡು. ಹೆಸರು ಹಾಕಿದರೆ ಮಾನನಷ್ಟ, ಹಾಕದಿದ್ದರೆ ಓದುವವರಿಲ್ಲ. ಆದರೆ ಮಂಜೇಶ್ವರದಿಂದ ಮುಳ್ಳೇರಿಯದ ತನಕ ಇಂಥ ಕರೆಗಳು ವರ್ಷ ವರ್ಷ ಬರುತ್ತಿರುವಾಗ ಸುಮ್ಮನೆ ಕೂರುವುದೂ ಸರಿಯಲ್ಲ ಎಂದು ಈ ನಾಲ್ಕು ಮಾತು.

ಪರಿಚಯದ ಮನೆಯೊಂದರ ಸಂಗತಿ ಹೇಳುತ್ತೇನೆ. ಮನೆ ಯಜಮಾನರು ನಿವೃತ್ತ ಮಾಸ್ಟ್ರು. ಗುಡ್ಡದ ಇಳಿಜಾರಿನಲ್ಲಿ ಮನೆ. ರಸ್ತೆಯ ಮಟ್ಟದಲ್ಲಿ ಚಾವಡಿ, ಅದರ ಅಡಿಯಲ್ಲಿ ಅಡಿಕೆ, ಕಟ್ಟಿಗೆ, ಹಳೆಯ ಸಾಮಾನು ಹಾಕುತ್ತಿದ್ದ ಎರಡು ಕೋಣೆ. ಮುಂಬೈಯಲ್ಲಿದ್ದ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಕೆಳಗಿನ ಕೋಣೆಯನ್ನು ಗುಡ್ಡದ ಬದಿಗೆ ಇನ್ನಷ್ಟು ದೊಡ್ಡದು ಮಾಡಿ, ಟೈಲ್ಸ್ ಹಾಕಿ, ಒಂದು ಬಚ್ಚಲುಮನೆ ಸೇರಿಸಿದರೆ ಅವಳಿಗೂ ಮಗುವಿಗೂ ನಿರಾಳವಾಗುತ್ತದೆ ಎಂಬುದು ಮಾಸ್ಟ್ರ ಲೆಕ್ಕ. ಕಂಟ್ರಾಕ್ಟರ್ ಬೇರೆ ಯಾರೂ ಅಲ್ಲ, ಅವರದೇ ಹಳೆಯ ಶಿಷ್ಯ. ಎಲ್ಲ ಸೇರಿ ಏಳು ಲಕ್ಷಕ್ಕೆ ಮಾತಾಯಿತು. ಮಾತು ಅಂದರೆ ಬರೀ ಮಾತು. "ಏಳನೇ ಕ್ಲಾಸಿನಲ್ಲಿ ನನ್ನ ಕೈಯಲ್ಲಿ ಪೆಟ್ಟು ತಿಂದ ಹುಡುಗ, ಅವನ ಹತ್ರ ಛಾಪಾ ಕಾಗದದಲ್ಲಿ ಬರೆಸಿಕೊಳ್ಳುವುದು ಹೇಗೆ?" ಎಂದು ಮಾಸ್ಟ್ರು ಆಮೇಲೆ ನನ್ನ ಹತ್ತಿರ ಹೇಳಿದ್ದು.

ಮೇ ಕೊನೆಗೆ ಕೆಲಸ ಮುಗಿಯಿತು. ಆರು ಲಕ್ಷ ಕೊಟ್ಟಾಗಿತ್ತು. ಜೂನ್ ಎರಡನೇ ವಾರ ಗುಡ್ಡದ ಬದಿಯ ಗೋಡೆಯಲ್ಲಿ ಮೊದಲು ಬಣ್ಣ ಉಬ್ಬಿತು, ಆಮೇಲೆ ಸಾರಣೆ ಒದ್ದೆಯಾಯಿತು, ಆಮೇಲೆ ನೆಲದಲ್ಲಿ ನೀರು. ಜುಲೈಯಲ್ಲಿ ಹೆರಿಗೆಯಾಗಿ ಬಂದ ಮಗಳನ್ನೂ ಮಗುವನ್ನೂ ಚಾವಡಿಯ ಮೂಲೆಯಲ್ಲಿ ಪರದೆ ಕಟ್ಟಿ ಮಲಗಿಸಬೇಕಾಯಿತು. ಮಾಸ್ಟ್ರು ಉಳಿದ ಒಂದು ಲಕ್ಷ ಕೊಡುವುದಿಲ್ಲ ಎಂದರು. ಶಿಷ್ಯ ಎಕ್ಸ್‌ಟ್ರಾ ಕೆಲಸದ್ದೆಂದು 1,40,000 ರೂಪಾಯಿಯ ಹೊಸ ಬಿಲ್ಲು ಕಳುಹಿಸಿದ. ಪೊಲೀಸ್ ಠಾಣೆಗೆ ಹೋಗಿ, ಇದು ಸಿವಿಲ್ ವ್ಯವಹಾರ, ನೀವೇ ಕೂತು ಮಾತಾಡಿ ಎಂಬ ಉತ್ತರ ಪಡೆದು ಬಂದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿದರು. ಪೇಪರಿಗೆ ಹಾಕಿ ಎಂದು ಇಬ್ಬರೂ ಹೇಳಿದರು!

ಠಾಣೆಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಮೊದಲಿನಿಂದಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಲು ಸಾಧ್ಯವಿಲ್ಲದಿದ್ದರೆ ಕೆಲಸ ಹಾಳಾದದ್ದು, ಹಣ ಬಾಕಿಯಾದದ್ದು ಪೊಲೀಸರ ವಿಷಯವಲ್ಲ.

ಗುಡ್ಡದ ನೀರು

ಇಲ್ಲಿ ಗೋಡೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3,500 ಮಿಲಿಮೀಟರ್, ಅದರಲ್ಲಿ ಹೆಚ್ಚಿನಂಶ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲ ಮುರಕಲ್ಲಿನದು. ಮುರಕಲ್ಲು ತೂತು ತೂತಾದ ಕಲ್ಲು. ನೀರನ್ನು ಕುಡಿಯುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ, ಮೆಲ್ಲಗೆ ಬಿಡುತ್ತದೆ. ಬಾಯಾರು, ಎಣ್ಮಕಜೆ ಕಡೆಯ ಹಿರಿಯರು ಇದನ್ನು ತಿಳಿದೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ತೋಟಕ್ಕೆ ನೀರು ತಂದರು. ಈಗ ನಾವು ಅದೇ ಗುಡ್ಡವನ್ನು ಜೇಸಿಬಿಯಲ್ಲಿ ಕಡಿದು, ಕಡಿದ ಮಣ್ಣಿಗೆ ತಾಗಿಸಿ ಗೋಡೆ ಎಬ್ಬಿಸಿ, ಒಳಗೆ ಮಂಚ ಹಾಕಿ, ನೀರು ಯಾಕೆ ಬರುತ್ತದೆ ಎಂದು ಕೇಳುತ್ತೇವೆ. ಅಜ್ಜಂದಿರು ಕೇಳಿದರೆ ನಕ್ಕಾರು.

ನೀರು ಬಾರದ ಹಾಗೆ ಮಾಡುವ ದಾರಿ ಇಲ್ಲದಿಲ್ಲ. ಗೋಡೆಯ ಹೊರಬದಿಗೆ, ಅಂದರೆ ಮಣ್ಣಿನ ಬದಿಗೆ, ಮಣ್ಣು ತುಂಬಿಸುವ ಮೊದಲೇ ನೀರು ತಡೆಯುವ ಲೇಪ ಆಗಬೇಕು. ಗೋಡೆಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಿಸಿ, ಅಡಿಯಲ್ಲಿ ತೂತಿನ ಪೈಪ್ ಇಟ್ಟು, ನೀರು ಬದಿಗೆ ಹರಿದು ಹೋಗುವಂತೆ ಮಾಡಬೇಕು. ಮೇಲಿನ ಅಂಗಳದ ನೀರು ಆ ಕಡೆಗೆ ಬಾರದ ಹಾಗೆ ಚರಂಡಿ ಬೇಕು. ಇದು ಕಟ್ಟುವಾಗಲೇ ಆಗಬೇಕಾದ ಕೆಲಸ. ಕಟ್ಟಿ ಮುಗಿಸಿದ ಮೇಲೆ ಒಳಗಿನಿಂದ ಡಬ್ಬಿಯ ಕೆಮಿಕಲ್ ಬಳಿದರೆ ಹೆಚ್ಚಾಗಿ ಮುಂದಿನ ಮಳೆಗೆ ಅದು ಸಿಪ್ಪೆಯ ಹಾಗೆ ಎದ್ದು ಬರುತ್ತದೆ, ಯಾಕೆಂದರೆ ನೀರು ಹಿಂದಿನಿಂದ ತಳ್ಳುತ್ತಿರುತ್ತದೆ.

ಮಾಸ್ಟ್ರ ಮನೆಯಲ್ಲಿ ಪೈಪೂ ಇಲ್ಲ, ಜಲ್ಲಿಯೂ ಇಲ್ಲ. "ಖರ್ಚು ಕಮ್ಮಿ ಮಾಡು ಅಂತ ಮಾಷೇ ಹೇಳಿದ್ದು" ಎನ್ನುತ್ತಾನೆ ಶಿಷ್ಯ. "ಖರ್ಚು ಕಮ್ಮಿ ಮಾಡು ಅಂದದ್ದು ಹೌದು, ನೀರು ಬರುತ್ತದೆ ಅಂತ ಅವನು ಹೇಳಲೇ ಇಲ್ಲ" ಎನ್ನುತ್ತಾರೆ ಮಾಸ್ಟ್ರು. ನನಗೆ ಕಂಡ ಮಟ್ಟಿಗೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಹತ್ತಿರವೂ ಕಾಗದ ಇಲ್ಲ, ಅಷ್ಟೆ.

ಶಬ್ದದಲ್ಲಿಯೂ ತಕರಾರು ಉಂಟು. ಗಲ್ಫಿನಲ್ಲಿರುವ ಮಗ ಫೋನಿನಲ್ಲಿ "ಬೇಸ್‌ಮೆಂಟ್" ಎಂದರೆ ನೆಲದಡಿಯ ಕೋಣೆ. ನಮ್ಮ ಮೇಸ್ತ್ರಿಗೆ "ಬೇಸ್‌ಮೆಂಟ್" ಎಂದರೆ ನೆಲಗಟ್ಟಿನವರೆಗಿನ ಕಲ್ಲಿನ ಕಟ್ಟು, ಹಳಬರು ಪಂಚಾಂಗ ಎನ್ನುವುದು. ಬೇಸ್‌ಮೆಂಟ್ ಮುಗಿದಾಗ ಎರಡನೆಯ ಕಂತು ಎಂದು ಒಪ್ಪಿಕೊಂಡು, ಪಂಚಾಂಗ ಎದ್ದ ಕೂಡಲೇ ಹಣ ಕೇಳಿದ ಮೇಸ್ತ್ರಿಯನ್ನು ಕಳ್ಳ ಎಂದು ಬೈದ ಮನೆಯವರನ್ನು ನಾನು ಬಲ್ಲೆ. ಮೇಸ್ತ್ರಿಯ ತಪ್ಪು ಏನೂ ಇರಲಿಲ್ಲ.

ನೋಟುಪುಸ್ತಕ ಹಿಡಿದು ಎರಡು ಭಾನುವಾರ

ಬಿಕಾಂ ಕಲಿತದ್ದು ಬೇರೆ ಯಾವುದಕ್ಕೂ ಅಷ್ಟಾಗಿ ಉಪಯೋಗವಾಗಿಲ್ಲ, ಈ ಪಂಚಾಯಿತಿಕೆಗೆ ಆಯಿತು. ಎರಡು ಭಾನುವಾರ ಇಬ್ಬರನ್ನೂ ಕೂರಿಸಿ ಬಿಲ್ಲನ್ನು ಒಂದೊಂದೇ ಸಾಲಾಗಿ ಓದಿದೆವು. ಜೇಸಿಬಿ ಹೆಚ್ಚುವರಿ ಗಂಟೆ 18,000. ಮಗಳು ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರ ನೋಡಿ ಬದಲಾಯಿಸಿದ ಟೈಲ್ಸ್‌ನ ವ್ಯತ್ಯಾಸ 26,000. ಬಚ್ಚಲುಮನೆಯ ಗೋಡೆಗೆ ಮಾಡಿನ ತನಕ ಟೈಲ್ಸ್ ಹಾಕಿದ್ದಕ್ಕೆ 22,000. ಲೈಟು, ನೀರಿನ ಹೆಚ್ಚುವರಿ ಪಾಯಿಂಟುಗಳಿಗೆ 26,000. ಇಷ್ಟನ್ನು ಮಾಸ್ಟ್ರು ಒಪ್ಪಿದರು, ಯಾಕೆಂದರೆ ಎಲ್ಲವೂ ಎದುರಿಗೇ ಕಾಣುತ್ತದೆ. ಒಟ್ಟು 92,000. ಉಳಿದ 48,000 "ಸಿಮೆಂಟು, ಕಬ್ಬಿಣ, ಸಂಬಳ ಏರಿದ್ದು" ಎಂಬ ಒಂದೇ ಸಾಲು. ಏಳು ಲಕ್ಷಕ್ಕೆ ಎಲ್ಲ ಸೇರಿ ಎಂದು ಮಾತಾದ ಮೇಲೆ ಏರಿಕೆ ಕಂಟ್ರಾಕ್ಟರನ ತಲೆಗೆ ಎಂದು ನಾನು ಹೇಳಿದೆ. ಅವನಿಗೆ ಸಿಟ್ಟು ಬಂತು. ಎರಡನೆಯ ಭಾನುವಾರ ಒಪ್ಪಿದ.

ಇಲ್ಲೊಂದು ಮಾತು. ದರ ಏರಿದರೆ ಮನೆಯವರು ಕೊಡಬೇಕು ಎಂದು ಕೆಲವರು ಕರಾರಿನಲ್ಲಿ ಬರೆಯಿಸುತ್ತಾರೆ. ಬರೆಯಲಿ, ಇಳಿದರೆ ಕಳೆಯಬೇಕು ಎಂದೂ ಬರೆಯಲಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು. ಆ ಲೆಕ್ಕದಲ್ಲಿ ಬಿಲ್ಲು ಕಮ್ಮಿ ಮಾಡಿದೆ ಎಂದು ಹೇಳಿದ ಒಬ್ಬ ಕಂಟ್ರಾಕ್ಟರನೂ ನನಗೆ ಸಿಕ್ಕಿಲ್ಲ. ಹಾಗೆಯೇ ಕೊನೆಯಲ್ಲಿ "ಜಿಎಸ್‌ಟಿ ಬೇರೆ" ಎನ್ನುವವರಿದ್ದಾರೆ. ಜಿಎಸ್‌ಟಿ ನೋಂದಣಿ ಇಲ್ಲದವನು ಆ ಹೆಸರಿನಲ್ಲಿ ಒಂದು ಪೈಸೆಯನ್ನೂ ವಸೂಲು ಮಾಡುವ ಹಾಗಿಲ್ಲ. ನೋಂದಣಿ ಸಂಖ್ಯೆ ಇರುವ ಬಿಲ್ಲು ಕೇಳಿ.

ಹಾಗೆ ಮಾಸ್ಟ್ರು ಕೊಡಬೇಕಾದದ್ದು ಹಳೆ ಬಾಕಿ ಒಂದು ಲಕ್ಷ, ಎಕ್ಸ್‌ಟ್ರಾ 92,000, ಒಟ್ಟು 1,92,000. ಪರಿಚಯದ ನಿವೃತ್ತ ಎಂಜಿನಿಯರರೊಬ್ಬರು ಬಂದು ಗೋಡೆ ನೋಡಿ, ಹೊರಬದಿ ಅಗೆದು ಪೈಪ್ ಇಟ್ಟು ಸರಿಮಾಡಲು 65,000 ಬೇಕು ಎಂದರು. ಮಳೆ ನಿಂತ ಮೇಲೆ ಡಿಸೆಂಬರಿನಲ್ಲಿ ಶಿಷ್ಯ ತನ್ನ ಖರ್ಚಿನಲ್ಲಿ ಆ ಕೆಲಸ ಮಾಡಿಕೊಡುವುದು, ಮಾಸ್ಟ್ರು ಈಗ 1,20,000 ಕೊಡುವುದು, 72,000 ಮುಂದಿನ ಮಳೆಗಾಲದ ಜುಲೈ 31ರ ತನಕ ಹಿಡಿದಿಟ್ಟುಕೊಳ್ಳುವುದು ಎಂದಾಯಿತು. ಈ ಸಲ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು.

ನನ್ನ ಅಭಿಪ್ರಾಯದಲ್ಲಿ ಈ ಕಡೆಯ ಎಲ್ಲ ಮನೆಕೆಲಸಕ್ಕೂ ಇದು ಮೊದಲೇ ಇರಬೇಕಾದ ಕರಾರು. ನೂರರಲ್ಲಿ ಐದೋ ಹತ್ತೋ ಪಾಲು ಹಣ ಒಂದು ಪೂರ್ತಿ ಮಳೆಗಾಲ ಕಳೆಯುವ ತನಕ ಮನೆಯವರ ಕೈಯಲ್ಲಿರಬೇಕು. ಸರಕಾರಿ ಕಾಮಗಾರಿಗಳಲ್ಲಿ ಠೇವಣಿ ಹಿಡಿದಿಟ್ಟುಕೊಳ್ಳುವ ಪದ್ಧತಿ ಎಂದಿನಿಂದಲೂ ಇದೆ. ಸೇತುವೆಗೆ ಬೇಕಾದದ್ದು ಮನೆಗೆ ಬೇಡವೆ? ನಮ್ಮಲ್ಲಿ ಮನೆ ಒಕ್ಕಲು ಎಪ್ರಿಲ್-ಮೇಯಲ್ಲಿ. ಆ ದಿನ ಮೇಸ್ತ್ರಿಗೆ ಶಾಲು ಹೊದೆಸಿ, ಬಾಕಿ ಹಣವನ್ನೂ ಪೂರ್ತಿ ಕೊಟ್ಟು ಕೈ ಮುಗಿಯುತ್ತೇವೆ. ಶಾಲು ಹೊದೆಸಿ. ಹಣ ಆಗಸ್ಟಿಗೆ ಇರಲಿ.

ಮಾತು ಮುರಿದರೆ

ಎಲ್ಲ ಕಡೆ ಎರಡು ಭಾನುವಾರದಲ್ಲಿ ಮುಗಿಯುವುದಿಲ್ಲ. ಆಗ ಬಳಕೆದಾರರ ಆಯೋಗ. ಮನೆ ಕಟ್ಟಿಸುವುದು ಸೇವೆಯೇ ಅಲ್ಲ ಎಂದು ವಾದಿಸುವ ಕಾಲ ಹೋಗಿದೆ. 1993ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಮನೆ ನಿರ್ಮಾಣವನ್ನು ಸೇವೆಯ ವ್ಯಾಖ್ಯೆಯೊಳಗೆ ಸೇರಿಸಿದರು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ಹೇಳಿತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ.

ಕಾಸರಗೋಡಿನಲ್ಲಿರುವ ಜಿಲ್ಲಾ ಆಯೋಗ 50 ಲಕ್ಷದ ತನಕ ಹಣ ಪಾವತಿಯಾದ ವ್ಯವಹಾರಗಳನ್ನು ನೋಡುತ್ತದೆ. ಐದು ಲಕ್ಷದ ಒಳಗಿನದಕ್ಕೆ ಶುಲ್ಕವೇ ಇಲ್ಲ, ಹತ್ತು ಲಕ್ಷದ ತನಕ 200 ರೂಪಾಯಿ. ವಕೀಲರಿಲ್ಲದೆ ನೀವೇ ಹೋಗಿ ವಾದಿಸಬಹುದು. ದೋಷ ಸರಿಪಡಿಸಿ ಕೊಡು, ಹಣ ಹಿಂದೆ ಕೊಡು, ನಷ್ಟ ತುಂಬು ಎಂದು ಆಯೋಗ ಆದೇಶಿಸಬಹುದು. ಆದೇಶ ಪಾಲಿಸದವನಿಗೆ ಒಂದು ತಿಂಗಳಿನಿಂದ ಮೂರು ವರ್ಷದ ತನಕ ಸೆರೆವಾಸ, ಅಥವಾ 25,000ಕ್ಕೆ ಕಮ್ಮಿಯಾಗದ ದಂಡ, ಅಥವಾ ಎರಡೂ ಆಗಬಹುದು. ಪ್ರಕರಣ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುತ್ತದೆ, ಕಾದು ಕೂತವರಿಗೆ ಬೇರೆ ಗೊತ್ತು.

ಗಡಿಯ ಎರಡೂ ಬದಿಯವರಿಗೆ ಮುಖ್ಯವಾದ ಸಂಗತಿ ಇನ್ನೊಂದುಂಟು. ಹಳೆಯ 1986ರ ಕಾಯ್ದೆಯಲ್ಲಿ ಎದುರುಗಾರ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ಹೋಗಿ ದೂರು ಕೊಡಬೇಕಿತ್ತು. ಈಗ ದೂರು ಕೊಡುವವನು ವಾಸವಾಗಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೂ ಕೊಡಬಹುದು. ಮಂಗಳೂರಿನಲ್ಲಿ ಕೆಲಸದಲ್ಲಿದ್ದು ಮೀಂಜದಲ್ಲಿ ತಂದೆಯ ಮನೆ ರಿಪೇರಿ ಮಾಡಿಸುವವರು ಮಂಗಳೂರಿನ ಆಯೋಗಕ್ಕೆ ಹೋಗಬಹುದು. ತೊಕ್ಕೊಟ್ಟಿನ ಕಂಟ್ರಾಕ್ಟರನನ್ನು ಕರೆಸಿಕೊಂಡ ಕುಂಬಳೆಯವರು ತಲಪಾಡಿ ದಾಟಬೇಕಾಗಿಲ್ಲ, ಕಾಸರಗೋಡು ಸಾಕು. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಗಡಿರಸ್ತೆಗಳಿಗೆ ಮಣ್ಣು ಹಾಕಿದಾಗ ಆಚೆಯ ಮೇಸ್ತ್ರಿ ಆಚೆ, ಈಚೆಯ ಅರ್ಧ ಗೋಡೆ ಈಚೆ ಎಂದು ನಿಂತದ್ದು ನೆನಪಿರಬಹುದು. ಅಂಥ ಸಂದರ್ಭದಲ್ಲಿ ಕೆಲಸ ತಡವಾದರೆ ಹೊಣೆ ಯಾರದು ಎಂಬ ಒಂದು ಸಾಲು ಆಮೇಲಾದರೂ ಕರಾರುಗಳಲ್ಲಿ ಬರಬೇಕಿತ್ತು. ನಾನು ನೋಡಿದವುಗಳಲ್ಲಿ ಬಂದಿಲ್ಲ.

2025ರ ಜನವರಿಯಿಂದ ಇ-ಜಾಗೃತಿ ಎಂಬ ಸರಕಾರಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ವ್ಯವಸ್ಥೆ ಬಂದಿದೆ. ಮೊದಲು ವಿಚಾರಿಸಿ ನೋಡುವುದಿದ್ದರೆ 1915 ರಾಷ್ಟ್ರೀಯ ಸಹಾಯವಾಣಿ ಉಂಟು.

ಎಲ್ಲರಿಗೂ ಈ ಬಾಗಿಲು ತೆರೆದಿಲ್ಲ ಎಂಬುದನ್ನೂ ಹೇಳಬೇಕು. ಹೆದ್ದಾರಿ ಅಗಲವಾದಾಗ ಮುಂಭಾಗ ಕಳೆದುಕೊಂಡು ಉಳಿದ ಕಟ್ಟಡವನ್ನು ಬಾಡಿಗೆ ಅಂಗಡಿಗಳಾಗಿ ಪರಿವರ್ತಿಸಿದವರು ವಾಣಿಜ್ಯ ಉದ್ದೇಶದವರು ಎಂದಾಗಿ ಹೊರಗುಳಿಯುವ ಸಂಭವ ಹೆಚ್ಚು. ತನ್ನ ಹೊಟ್ಟೆಪಾಡಿಗೆ ತಾನೇ ನಡೆಸುವ ಅಂಗಡಿಯಾದರೆ ಬೇರೆ ಮಾತು. ನೀವೇ ನಿಂತು ದಿನಗೂಲಿಗೆ ಮೇಸ್ತ್ರಿಯನ್ನು ದುಡಿಸಿಕೊಂಡಿದ್ದರೆ ಅದು ವೈಯಕ್ತಿಕ ಸೇವೆ ಎನಿಸಿಕೊಳ್ಳುತ್ತದೆ, ಅಲ್ಲಿಯೂ ದೂರು ನಿಲ್ಲುವುದು ಕಷ್ಟ. ರೇರಾ ಎಂದು ಕೆಲವರು ಹೇಳುತ್ತಾರೆ. ಅದು ಫ್ಲಾಟು, ಲೇಔಟು ಮಾರುವ ಯೋಜನೆಗಳಿಗೆ, ನಮ್ಮ ಜಾಗದಲ್ಲಿ ನಾವು ಕಟ್ಟಿಸುವ ಮನೆಗಲ್ಲ.

ಎರಡು ವರ್ಷದ ಗಡು ಮರೆಯಬೇಡಿ. ಈ ಮಳೆಗೆ ಸರಿಮಾಡುತ್ತೇನೆ, ಬರುವ ಮಳೆಗೆ ಮಾಡುತ್ತೇನೆ ಎಂಬ ಮಾತು ಕೇಳುತ್ತಾ ಮೂರು ಮಳೆಗಾಲ ಕಳೆದು ಬಂದವರಿಗೆ ವಕೀಲರು ತಲೆ ಅಲ್ಲಾಡಿಸುವುದನ್ನು ಕಂಡಿದ್ದೇನೆ. ಗೋಡೆ ಒಡೆದು ಬೇರೆಯವರಿಂದ ಸರಿಮಾಡಿಸುವ ಮೊದಲು ಫೋಟೋ ತೆಗೆದು, ಎಂಜಿನಿಯರರಿಂದ ಲಿಖಿತ ವರದಿ ಪಡೆದು, ಕಂಟ್ರಾಕ್ಟರನಿಗೆ ರಿಜಿಸ್ಟರ್ಡ್ ನೋಟಿಸು ಕಳುಹಿಸಿ. ಒಡೆದ ಮೇಲೆ ಸಾಕ್ಷಿ ಎಲ್ಲಿಂದ? ವಾಟ್ಸಾಪ್ ಸಂದೇಶವೂ ಸಾಕ್ಷಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಫೋನ್ ಬದಲಾಯಿಸುವಾಗ ಜಾಗ್ರತೆ.

ಅವರಿಗೂ ಮನೆ ಉಂಟು

ಕಂಟ್ರಾಕ್ಟರರ ಪರವಾಗಿ ಬರೆಯುವವರು ಕಮ್ಮಿ, ಅದಕ್ಕೇ ಹೇಳುತ್ತೇನೆ. ಮನೆಯವರಿಗೆ ಬಳಕೆದಾರರ ಆಯೋಗ ಉಂಟು, ಹಣ ಸಿಗದ ಕಂಟ್ರಾಕ್ಟರನಿಗೆ ಅದಿಲ್ಲ. ಅವನು ಮುನ್ಸಿಫ್ ಕೋರ್ಟಿಗೆ ಹೋಗಿ, ಕೋರ್ಟ್ ಫೀ ಕಟ್ಟಿ, ಮೂರು ವರ್ಷದ ಒಳಗೆ ದಾವೆ ಹಾಕಬೇಕು. ಶನಿವಾರ ಬಂಗಾಳದ, ಒಡಿಶಾದ ಕೆಲಸದವರಿಗೆ ಸಂಬಳ ಕೊಡುವವನು ಅವನೇ. ಯಜಮಾನನ ಹಣ ಗಲ್ಫಿನಿಂದ ಬರುವ ತನಕ ಅವರು ಕಾಯುವುದಿಲ್ಲ. ಊರಿನಲ್ಲಿರುವ ತಂದೆ ಒಂದು ಹೇಳುತ್ತಾರೆ, ದುಬಾಯಿಯ ಮಗ ವಿಡಿಯೋ ಕಾಲಿನಲ್ಲಿ ಇನ್ನೊಂದು ಹೇಳುತ್ತಾನೆ, ಸೊಸೆ ಮೂರನೆಯದು. ಕಟ್ಟಿದ ಕಿಟಕಿ ಎರಡು ಸಲ ಒಡೆಸಿ, ಕೊನೆಗೆ "ಒಪ್ಪಿದ್ದಕ್ಕಿಂತ ಹೆಚ್ಚು ಕೊಡುವುದಿಲ್ಲ" ಎಂದರೆ ಅವನೂ ಏನು ಮಾಡಬೇಕು? ಮನೆಯವರ ಕಡೆಯಿಂದ ಮಾತಾಡುವವರು ಒಬ್ಬರೇ ಇರಲಿ, ಬದಲಾವಣೆ ಹೇಳಿದ ದಿನವೇ ಅದರ ಹಣ ಎಷ್ಟೆಂದು ಬರೆದು ಸಹಿಯಾಗಲಿ.

ಕಾನೂನು ಸೇವಾ ಸಮಿತಿಯ ಲೋಕ ಅದಾಲತ್ ಇಬ್ಬರಿಗೂ ಅನುಕೂಲ. ಕೋರ್ಟಿಗೆ ಹೋಗುವ ಮೊದಲೇ ಅರ್ಜಿ ಕೊಡಬಹುದು, ಖರ್ಚಿಲ್ಲ, ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಬಳಕೆದಾರರ ಕಾಯ್ದೆಯಲ್ಲಿಯೂ ಈಗ ಮಧ್ಯಸ್ಥಿಕೆಗೆ ಅವಕಾಶವಿದೆ.

ಭಾಷೆಯ ಮಾತು ಬಿಡುವ ಹಾಗಿಲ್ಲ. ನಮ್ಮ ಊರಿನ ಹೆಚ್ಚಿನ ಕಂಟ್ರಾಕ್ಟರರು ತುಳು, ಕನ್ನಡ, ಮಲಯಾಳ ಎಲ್ಲವನ್ನೂ ಆಡುತ್ತಾರೆ, ಮಾತಿಗೆ ತೊಂದರೆಯಿಲ್ಲ. ಬರವಣಿಗೆಗೆ ಬಂದಾಗ ಅಚ್ಚಾದ ಮಲಯಾಳ ಫಾರಂ ಬರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಅರುವತ್ತು ದಾಟಿದವರು ಕೊನೆಯ ಪುಟದಲ್ಲಿ ಸಹಿ ಹಾಕುತ್ತಾರೆ. ಪುತ್ತಿಗೆ ಕಡೆಯ ಒಬ್ಬ ಅಮ್ಮನವರು ಸಹಿ ಹಾಕಿದ ಕಾಗದವನ್ನು ನಾನು ಓದಿಸಿ ಕೇಳಿದೆ. ಸೋರಿಕೆಗೆ ಆರು ತಿಂಗಳ ಮಟ್ಟಿಗೆ ಮಾತ್ರ ಹೊಣೆ ಎಂದಿತ್ತು. ಕೆಲಸ ಮುಗಿದದ್ದು ನವೆಂಬರಿನಲ್ಲಿ. ಆರು ತಿಂಗಳೆಂದರೆ ಮೇ! ಆ ಗೋಡೆಗೆ ಹೊಣೆಯ ಕಾಲದಲ್ಲಿ ಒಂದು ಮಳೆಗಾಲವೂ ಸಿಗಲಿಲ್ಲ. ಮಲಯಾಳದಲ್ಲಿ ಇರಲಿ, ಜೊತೆಗೆ ಒಂದು ಕನ್ನಡ ಪ್ರತಿಯೂ ಇರಲಿ, ಎರಡರಲ್ಲಿಯೂ ಇಬ್ಬರ ಸಹಿ ಇರಲಿ ಎಂದು ಕೇಳಿದರೆ ಯಾರೂ ಇಲ್ಲ ಎನ್ನಲಾರರು. ಕೇಳುವವರೇ ಇಲ್ಲ.

ಪಂಚಾಯತುಗಳಿಂದ ಒಂದು ಸಣ್ಣ ಕೆಲಸ ಆಗಬಹುದು. ಕಟ್ಟಡದ ಪರ್ಮಿಟ್ ಕೊಡುವಾಗ ನಕ್ಷೆ ನೋಡುತ್ತಾರೆ, ರಸ್ತೆಯಿಂದ ದೂರ ಅಳೆಯುತ್ತಾರೆ, ಫೀ ಕಟ್ಟಿಸಿಕೊಳ್ಳುತ್ತಾರೆ. ಅದರ ಜೊತೆ ಕನ್ನಡ, ಮಲಯಾಳ ಎರಡೂ ಇರುವ ಒಂದು ಹಾಳೆಯ ಮಾದರಿ ಕರಾರನ್ನು ಕೈಗೆ ಕೊಡಲಿ. ಒಟ್ಟು ಮೊತ್ತ, ಕಂತು ಯಾವಾಗ, ಯಾವ ಹೊಯಿಗೆ, ಯಾವ ಸಿಮೆಂಟು, ಗುಡ್ಡ ಕಡಿಯುವ ಅನುಮತಿ ತರುವವರು ಯಾರು, ಗುಡ್ಡದ ಬದಿಯ ನೀರಿಗೆ ಏನು ಏರ್ಪಾಡು, ಕೊನೆಯ ಹಣ ಯಾವಾಗ, ಇಷ್ಟಕ್ಕೆ ಖಾಲಿ ಜಾಗ ಬಿಟ್ಟರೆ ಸಾಕು. ವರ್ಕಾಡಿ, ಪೈವಳಿಕೆ, ಎಣ್ಮಕಜೆ, ಬೆಳ್ಳೂರಿನಂಥ ಗುಡ್ಡಗಾಡಿನ ಪಂಚಾಯತುಗಳು ಮೊದಲು ಮಾಡಬಹುದು. ಅಚ್ಚು ಹಾಕುವ ಖರ್ಚು ಒಂದು ಉದ್ಘಾಟನೆಯ ಬ್ಯಾನರಿಗಿಂತ ಹೆಚ್ಚಾಗದು.

ಮಾಸ್ಟ್ರ ಮನೆಯಲ್ಲಿ ಡಿಸೆಂಬರಿನ ಕೆಲಸ ಜನವರಿಗೆ ಹೋಯಿತು, ಆದರೂ ಆಯಿತು. ಹೊರಗೆ ಅಗೆದಾಗ ಸಿಕ್ಕಿದ ಮಣ್ಣು ಆಗಲೂ ತೇವವಿತ್ತಂತೆ. ಮುಂದಿನ ಜುಲೈಯಲ್ಲಿ ನಾನು ಹೋಗಿ ನೋಡಿದೆ. ಗೋಡೆ ಒಣಗಿತ್ತು, ಬಚ್ಚಲುಮನೆಯ ಮೂಲೆಯಲ್ಲಿ ಮಾತ್ರ ಕೈಯಗಲದ ಒದ್ದೆ. ಮಾಸ್ಟ್ರು ಆಗಸ್ಟ್ ಮೊದಲ ವಾರ 62,000 ಕೊಟ್ಟು ರಶೀದಿ ತೆಗೆದುಕೊಂಡರು. ಉಳಿದ ಹತ್ತು ಸಾವಿರದ ಬಗ್ಗೆ ಗುರುಶಿಷ್ಯರ ಮಾತುಕತೆ ಇನ್ನೂ ನಡೆಯುತ್ತಿದೆ.